ಪಿಎಚ್‌ಡಿ ಮುಗಿಯೋ ಮುಂಚೆನೇ ಯೂನಿವರ್ಸಿಟಿ ಆಚೆಯ ಕೆಲ್ಸಕ್ಕೆ ತಯಾರಾಗೋದು ಹೇಗೆ: ಸ್ಕಾಲರ್‌ಗಳಿಗೂ ಗೈಡ್‌ಗಳಿಗೂ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಯೂನಿವರ್ಸಿಟಿಗಳಲ್ಲಿ ಪಿಎಚ್‌ಡಿಗೆ ಸೇರಿದವ್ರನ್ನ ಮುಂದೇನು ಅಂತ ಕೇಳಿದ್ರೆ ಹೆಚ್ಚುಕಮ್ಮಿ ಎಲ್ರೂ ಲೆಕ್ಚರರ್ ಆಗ್ಬೇಕು ಅಂತಾನೇ ಹೇಳ್ತಾರೆ. ಆ ಆಸೆಯಲ್ಲಿ ಏನೂ ತಪ್ಪಿಲ್ಲ, ಆದ್ರೆ ಲೆಕ್ಕ ಸ್ವಲ್ಪ ನೋಡಿ. ಸರ್ಕಾರಿ ಪದವಿ ಕಾಲೇಜುಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) 2021ರಲ್ಲಿ ಅರ್ಜಿ ಕರೆದಾಗ ಇಡೀ ರಾಜ್ಯಕ್ಕೆ, ಎಲ್ಲಾ ವಿಷಯ ಸೇರಿ ಇದ್ದಿದ್ದು 1242 ಹುದ್ದೆ, ಅದ್ರಲ್ಲೂ ಆದೇಶ ಕೈಗೆ ಬರೋಷ್ಟರಲ್ಲಿ ವರ್ಷಗಳೇ ಕಳೆದ್ವು. ಈ ಮಧ್ಯೆ ಸಾವಿರಾರು ಜನ ಅತಿಥಿ ಉಪನ್ಯಾಸಕರಾಗಿ, ಮುಂದಿನ ವರ್ಷ ಕೆಲ್ಸ ಇರತ್ತೋ ಇಲ್ವೋ ಅಂತ ಕಾಯ್ತಾನೇ ವಯಸ್ಸು ಕಳೀತಿದ್ದಾರೆ, ಅವ್ರಲ್ಲಿ ಎಷ್ಟೋ ಜನ ಪಿಎಚ್‌ಡಿ ಆದವ್ರು. ಇದ್ರ ಮೇಲೆ 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನೆಟ್ ಅಥವಾ ಸೆಟ್ ಅರ್ಹತಾ ಪರೀಕ್ಷೆ ಪಾಸಾಗಿದ್ರೆ ಸಾಕು, ಪಿಎಚ್‌ಡಿ ಕಡ್ಡಾಯ ಅಲ್ಲ ಅಂತ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿದೆ. ಅಂದ್ರೆ ಬರೀ ಡಿಗ್ರಿ ನಂಬ್ಕೊಂಡು ಐದಾರು ವರ್ಷ ಕೂರೋದು ಈಗ ತುಂಬಾ ರಿಸ್ಕ್.

ನಾನು ರಾಜ್ಯದ ಒಂದು ಯೂನಿವರ್ಸಿಟೀಲಿ ಕೆಮಿಸ್ಟ್ರೀಲಿ ಪಿಎಚ್‌ಡಿ ಮಾಡಿ ಈಗ ಬೆಂಗಳೂರಲ್ಲಿ ಔಷಧಿ ಕಂಪನಿಗಳಿಗೆ ಅನಾಲಿಸಿಸ್ ಮಾಡ್ಕೊಡೋ ಲ್ಯಾಬಲ್ಲಿ ಕೆಲ್ಸ ಮಾಡ್ತೀನಿ, ಹೊಸಬ್ರನ್ನ ತಗೊಳೋ ಇಂಟರ್‌ವ್ಯೂಗಳಲ್ಲೂ ಕೂರ್ತೀನಿ. ಅಲ್ಲಿ ಪದೇಪದೇ ಕಾಣೋದು ಒಂದೇ ವಿಷ್ಯ. ಬಂದವ್ರಿಗೆ ಕೆಲ್ಸ ಚೆನ್ನಾಗೇ ಗೊತ್ತಿರತ್ತೆ, ಆದ್ರೆ ತಮಗೆ ಏನು ಬರತ್ತೆ ಅಂತ ಎದುರಿಗಿರೋವ್ರಿಗೆ ಅರ್ಥ ಆಗೋ ಹಾಗೆ ಹೇಳಕ್ಕೆ, ತೋರಿಸಕ್ಕೆ ಬರಲ್ಲ. ಇದನ್ನ ಥೀಸಿಸ್ ಬೈಂಡಿಂಗ್‌ಗೆ ಕೊಟ್ಟ ಮೇಲೆ ಕಲಿಯಕ್ಕಾಗಲ್ಲ, ಎರಡನೇ ವರ್ಷದಿಂದ ವಾರಕ್ಕೆ ಎರಡ್ಮೂರು ಗಂಟೆ ಎತ್ತಿಟ್ರೆ ಮಾತ್ರ ಆಗತ್ತೆ. ಬೆಂಗಳೂರಿನ ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ ಕರಿಯರ್ ವರ್ಕ್‌ಶಾಪ್, ಕಂಪನಿಯವ್ರ ಟಾಕ್ ಎಲ್ಲಾ ಆಗ್ತಿರತ್ತೆ, ಕಲಬುರಗಿಯಲ್ಲೋ ಶಂಕರಘಟ್ಟದಲ್ಲೋ ಧಾರವಾಡದಲ್ಲೋ ಕೂತಿರೋ ಸ್ಕಾಲರ್‌ಗೆ ಅದ್ಯಾವ್ದೂ ಸಿಗಲ್ಲ, ಇದನ್ನ ಮುಖ್ಯವಾಗಿ ಅವ್ರನ್ನ ಮನಸಲ್ಲಿಟ್ಕೊಂಡು ಬರೀತಿದೀನಿ.

ಹೆಜ್ಜೆ 1: ಕ್ಯಾಲೆಂಡರ್ ಮುಂದೆ ಇಟ್ಕೊಂಡು ದುಡ್ಡು ಯಾವಾಗ ನಿಲ್ಲತ್ತೆ ಅಂತ ನೋಡಿ

ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಎರಡು ವರ್ಷ, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋಶಿಪ್) ಮೂರು ವರ್ಷ, ಒಟ್ಟು ಐದು. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000, ಎಸ್‌ಆರ್‌ಎಫ್ 42,000, ಮನೆ ಬಾಡಿಗೆ ಭತ್ಯೆ ಬೇರೆ. ಆದ್ರೆ ಯುಜಿಸಿಯ 2022ರ ನಿಯಮದ ಪ್ರಕಾರ ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ, ರೀ-ರಿಜಿಸ್ಟ್ರೇಷನ್ ಮಾಡಿಸಿದ್ರೆ ಇನ್ನೂ ಎರಡು, ಮಹಿಳೆಯರಿಗೆ ಮತ್ತು 40 ಪರ್ಸೆಂಟ್‌ಗಿಂತ ಜಾಸ್ತಿ ಅಂಗವೈಕಲ್ಯ ಇರೋವ್ರಿಗೆ ಅದ್ರ ಮೇಲೂ ಎರಡು ವರ್ಷ ಸಿಗತ್ತೆ. ಥೀಸಿಸ್ ಕೊಟ್ಟ ಮೇಲೆ ವೈವಾ (ಮೌಖಿಕ ಪರೀಕ್ಷೆ) ತನಕದ ಎಲ್ಲಾ ಪ್ರಕ್ರಿಯೆ ಆರು ತಿಂಗಳಲ್ಲಿ ಮುಗಿಸೋ ಹಾಗೆ ಯೂನಿವರ್ಸಿಟಿ ನೋಡ್ಕೋಬೇಕು ಅಂತಾನೂ ಅದೇ ನಿಯಮದಲ್ಲಿದೆ, ನಿಜದಲ್ಲಿ ಎಷ್ಟು ಎಳೆಯತ್ತೆ ಅಂತ ನಿಮ್ಮ ಸೀನಿಯರ್‌ಗಳನ್ನ ಕೇಳಿ.

ಈ ಎರಡು ಲೆಕ್ಕದ ಮಧ್ಯೆ ಒಂದು ಗುಂಡಿ ಇದೆ. ಟೈಮ್ ಇರತ್ತೆ, ದುಡ್ಡು ಇರಲ್ಲ. ಫೆಲೋಶಿಪ್ ನಿಂತು ಡಿಗ್ರಿ ಬರದೆ ಇರೋ ಆ ಒಂದೂವರೆ ಎರಡು ವರ್ಷದಲ್ಲೇ ಜನ ಸಿಕ್ಕಿದ ಕೆಲ್ಸಕ್ಕೆ ಕೈ ಹಾಕೋದು, ಸಾಲ ಮಾಡೋದು, ಹೆಣ್ಮಕ್ಕಳಾದ್ರೆ ಮನೇಲಿ ಇನ್ನು ಸಾಕು ಮದ್ವೆ ಮಾಡ್ಕೋ ಅನ್ನೋ ಒತ್ತಡಕ್ಕೆ ಸೋಲೋದು. ಫೆಲೋಶಿಪ್ಪೇ ಇಲ್ದೆ ಮಾಡ್ತಿರೋವ್ರಿಗೆ ಈ ಗುಂಡಿ ಮೊದಲ ದಿನದಿಂದಾನೇ ಇರತ್ತೆ, ಅವ್ರು ಈ ಹೆಜ್ಜೆಗಳನ್ನ ಇನ್ನೂ ಬೇಗ ಶುರು ಮಾಡ್ಬೇಕು.

ಒಂದು ಹಾಳೆ ತಗೊಂಡು ರಿಜಿಸ್ಟ್ರೇಷನ್ ದಿನಾಂಕ, ಫೆಲೋಶಿಪ್ ಮುಗಿಯೋ ದಿನಾಂಕ, ಸಿನಾಪ್ಸಿಸ್ (ಥೀಸಿಸ್ಸಿನ ಸಾರಾಂಶ) ಕೊಡಬಹುದಾದ ದಿನಾಂಕ, ಥೀಸಿಸ್ ಕೊಡಬಹುದಾದ ದಿನಾಂಕ ಇಷ್ಟು ಬರ್ಕೊಳಿ. ಫೆಲೋಶಿಪ್ ಮುಗಿಯೋ ದಿನದಿಂದ ಹಿಂದಕ್ಕೆ ಹನ್ನೆರಡು ತಿಂಗಳು ಎಣಿಸಿ ಅಲ್ಲೊಂದು ಗೆರೆ ಎಳೀರಿ. ಆ ಗೆರೆ ಬಂದಾಗ ನಿಮ್ಮ ಹತ್ರ ಒಂದು ನೀಟಾದ ಸಿವಿ, ಮಾಡಿ ತೋರಿಸೋಕೆ ಒಂದೆರಡು ಸಣ್ಣ ಕೆಲ್ಸ, ಫೋನ್ ಮಾಡಿದ್ರೆ ಎತ್ತೋವಂಥ ಹತ್ತು ಜನ ಇರ್ಬೇಕು. ಉಳಿದ ಹೆಜ್ಜೆಗಳೆಲ್ಲಾ ಇದಕ್ಕೇ.

ಹೆಜ್ಜೆ 2: ನಿಮ್ಮ ಡಿಪಾರ್ಟ್‌ಮೆಂಟಿನವ್ರು ಎಲ್ಲೆಲ್ಲಿಗೆ ಹೋದ್ರು ಅಂತ ಹುಡುಕಿ

ಶೋಧಗಂಗಾ, ಅಂದ್ರೆ ದೇಶದ ಯೂನಿವರ್ಸಿಟಿಗಳ ಥೀಸಿಸ್‌ಗಳು ಸಿಗೋ ವೆಬ್‌ಸೈಟ್, ನಿಮಗೆ ಗೊತ್ತೇ ಇರತ್ತೆ, ಲಿಟರೇಚರ್ ರಿವ್ಯೂಗೆ ಬಳಸಿರ್ತೀರಿ. ಅದನ್ನ ಇನ್ನೊಂದು ರೀತೀಲೂ ಬಳಸ್ಬಹುದು. ನಿಮ್ಮ ಯೂನಿವರ್ಸಿಟಿ, ನಿಮ್ಮ ಡಿಪಾರ್ಟ್‌ಮೆಂಟ್ ತೆಗೆದು, ಐದರಿಂದ ಹನ್ನೆರಡು ವರ್ಷದ ಹಿಂದೆ ಥೀಸಿಸ್ ಕೊಟ್ಟ ಇಪ್ಪತ್ತು ಮೂವತ್ತು ಜನರ ಹೆಸರು ಪಟ್ಟಿ ಮಾಡಿ. ಆಮೇಲೆ ಒಬ್ಬೊಬ್ರನ್ನೇ ಲಿಂಕ್ಡ್‌ಇನ್‌ನಲ್ಲಿ, ಗೂಗಲ್‌ನಲ್ಲಿ ಹುಡುಕಿ. ಸಿಗದೆ ಇರೋವ್ರ ಬಗ್ಗೆ ಆಫೀಸಿನ ಹಳೇ ಸಿಬ್ಬಂದಿನೋ ಲ್ಯಾಬ್ ಅಟೆಂಡರ್ರೋ ಕೇಳಿ, ಯಾರ್ಯಾರು ಎಲ್ಲಿದ್ದಾರೆ ಅಂತ ಎಷ್ಟೋ ಸಲ ಪ್ರೊಫೆಸರ್‌ಗಳಿಗಿಂತ ಚೆನ್ನಾಗಿ ಅವ್ರಿಗೇ ಗೊತ್ತಿರತ್ತೆ.

ಒಂದು ಭಾನುವಾರದ ಕೆಲ್ಸ ಇದು, ಆದ್ರೆ ಇದ್ರಿಂದ ಸಿಗೋವಷ್ಟು ಮಾಹಿತಿ ಯಾವ ಕರಿಯರ್ ಟಾಕಿಂದಾನೂ ಸಿಗಲ್ಲ. ಯಾಕಂದ್ರೆ ಇವ್ರು ನಿಮ್ಮದೇ ಊರಿನ ಬಸ್ಸು ಹತ್ತಿ ಬಂದು, ಅದೇ ಹಾಸ್ಟೆಲಲ್ಲಿ ಊಟ ಮಾಡಿ, ಅದೇ ಹಳೇ ಇನ್‌ಸ್ಟ್ರುಮೆಂಟ್ ಮೇಲೆ ಕೆಲ್ಸ ಮಾಡಿದವ್ರು. ಅವ್ರಿಗೆ ಸಾಧ್ಯ ಆಗಿದ್ದು ನಿಮಗೂ ಸಾಧ್ಯ. ಪಟ್ಟೀಲಿ ಹೆಸ್ರಿನ ಪಕ್ಕ ಅವ್ರ ಈಗಿನ ಹುದ್ದೆಯ ಹೆಸರನ್ನ ಇದ್ದ ಹಾಗೇ ಬರ್ಕೊಳಿ. ರೆಗ್ಯುಲೇಟರಿ ಅಫೇರ್ಸ್, ಮೆಡಿಕಲ್ ರೈಟರ್, ಅಪ್ಲಿಕೇಶನ್ ಸೈಂಟಿಸ್ಟ್, ಪ್ರೋಗ್ರಾಂ ಮ್ಯಾನೇಜರ್ ಅಂತೆಲ್ಲಾ ಕಾಣತ್ತೆ, ಈ ಹೆಸರುಗಳು ಗೊತ್ತಿಲ್ದೆ ಇದ್ರೆ ಜಾಬ್ ಸೈಟಲ್ಲಿ ಏನಂತ ಸರ್ಚ್ ಮಾಡೋದು ಅಂತಾನೇ ತಿಳಿಯಲ್ಲ.

ಹೆಜ್ಜೆ 3: ಕೆಲ್ಸದ ಡೈರಿ

ಲ್ಯಾಬ್ ನೋಟ್‌ಬುಕ್ ಬೇರೆ, ಇದು ಬೇರೆ. ತಿಂಗಳ ಕೊನೇಲಿ ಅರ್ಧ ಗಂಟೆ ಕೂತು ಆ ತಿಂಗಳು ನಿಜವಾಗ್ಲೂ ಏನೇನು ಮಾಡಿದ್ರಿ ಅಂತ ಬರೀರಿ, ರಿಸಲ್ಟ್ ಬಿಟ್ಟು ಉಳಿದಿದ್ದೆಲ್ಲಾ. ಎಚ್‌ಪಿಎಲ್‌ಸಿ (ಮಿಶ್ರಣದ ರಾಸಾಯನಿಕಗಳನ್ನ ಬೇರ್ಪಡಿಸಿ ಅಳೆಯೋ ಮೆಷಿನ್) ಪಂಪ್ ಕೆಟ್ಟಾಗ ಸರ್ವಿಸ್ ಎಂಜಿನಿಯರ್ ಜೊತೆ ಫೋನಲ್ಲೇ ಮಾತಾಡಿ ಸರಿ ಮಾಡಿದ್ದು, ಸರ್ಕಾರಿ ಖರೀದಿಯ ಜೆಮ್ ಪೋರ್ಟಲಲ್ಲಿ ಕೆಮಿಕಲ್ ತರಿಸೋಕೆ ಕೊಟೇಶನ್ ತುಲನೆ ಮಾಡಿದ್ದು, ಪ್ರಾಜೆಕ್ಟ್ ಮುಗಿದಾಗ ಯುಟಿಲೈಸೇಶನ್ ಸರ್ಟಿಫಿಕೇಟಿಗೆ (ಅನುದಾನ ಹೇಗೆ ಖರ್ಚಾಯ್ತು ಅನ್ನೋ ಪತ್ರ) ಲೆಕ್ಕ ಹೊಂದಿಸಿದ್ದು, ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಎಥಿಕ್ಸ್ ಕಮಿಟಿ ಅರ್ಜಿ ಬರೆದಿದ್ದು, ಎಂಎಸ್ಸಿ ಹುಡುಗರಿಗೆ ಡಿಸರ್ಟೇಶನ್ ಹೇಳ್ಕೊಟ್ಟಿದ್ದು, ಸೆಮಿನಾರಿಗೆ ಊಟ, ರೂಮು, ಕಾರು ವ್ಯವಸ್ಥೆ ಮಾಡಿದ್ದು. ಸಮಾಜಶಾಸ್ತ್ರದವ್ರಾದ್ರೆ ಎರಡು ತಾಲ್ಲೂಕು ಓಡಾಡಿ ಮನೆಮನೆ ಸರ್ವೆ ಮಾಡಿದ್ದು, ಪ್ರಶ್ನಾವಳಿಯನ್ನ ಅಲ್ಲಿನ ಆಡುಮಾತಿಗೆ ತಂದಿದ್ದು, ಪಂಚಾಯ್ತಿ ಕಾರ್ಯದರ್ಶಿಯಿಂದ ದಾಖಲೆ ತೆಗೆಸಿದ್ದು.

ಇವೆಲ್ಲಾ ಸ್ಕಾಲರ್‌ಗಳ ಕಣ್ಣಿಗೆ ಥೀಸಿಸ್‌ಗೆ ಅಡ್ಡಿ ಮಾಡಿದ ಚಿಲ್ಲರೆ ಕೆಲ್ಸ. ಕಂಪನಿಗೆ, ಸಂಸ್ಥೆಗೆ ಇವೇ ಕೆಲ್ಸ. ನನ್ನೆದುರು ಕೂತವ್ರು "ನ್ಯಾನೋ ಪಾರ್ಟಿಕಲ್ ಸಿಂಥೆಸಿಸ್ ಅಂಡ್ ಕ್ಯಾರೆಕ್ಟರೈಸೇಶನ್ ಮಾಡಿದೀನಿ" ಅಂದ್ರೆ ನನಗೆ ಹೆಚ್ಚೇನೂ ತಿಳಿಯಲ್ಲ. ಅದೇ "ಒಂದೇ ಎಚ್‌ಪಿಎಲ್‌ಸಿಯನ್ನ ಆರು ಜನ ಹಂಚ್ಕೊಂಡು ಬಳಸ್ತಿದ್ವಿ, ಬುಕಿಂಗ್ ಶೀಟ್ ನಾನೇ ಮಾಡಿದೆ, ಕಾಲಂ ಹಾಳಾಗೋದು ಕಮ್ಮಿ ಆಯ್ತು, ಒಂದು ಮೆಥಡ್‌ನ ಶುರುವಿಂದ ಡೆವಲಪ್ ಮಾಡಿ ವ್ಯಾಲಿಡೇಟ್ ಮಾಡಿದೀನಿ, ಡೇಟಾ ಇಲ್ಲಿದೆ" ಅಂದ್ರೆ ಕುರ್ಚೀಲಿ ನೇರ ಕೂತು ಕೇಳ್ತೀನಿ. ಡೈರಿಲಿ ಪ್ರತಿ ಸಾಲಿಗೂ ಮೂರು ವಿಷ್ಯ ಇರ್ಲಿ: ಏನು ತೊಂದ್ರೆ ಇತ್ತು, ನೀವು ಏನು ಮಾಡಿದ್ರಿ, ಆಮೇಲೆ ಏನಾಯ್ತು. ಸಂಖ್ಯೆ ಇದ್ರೆ ಸಂಖ್ಯೆ ಹಾಕಿ. ನಾಲ್ಕು ವರ್ಷ ಆದ್ಮೇಲೆ ನೆನಪಿಂದ ಬರೀತೀನಿ ಅಂದ್ರೆ ಆಗಲ್ಲ, ಅರ್ಧಕ್ಕರ್ಧ ಮರ್ತೋಗಿರತ್ತೆ.

ಹೆಜ್ಜೆ 4: ದಾರಿಗಳು ಯಾವ್ಯಾವು ಅಂತ ತಿಳ್ಕೊಳಿ, ಆಮೇಲೆ ಎರಡನ್ನ ಆರಿಸ್ಕೊಳಿ

ಲೈಫ್ ಸೈನ್ಸ್, ಕೆಮಿಸ್ಟ್ರಿ, ಫಾರ್ಮಸಿಯವ್ರಿಗೆ ಕರ್ನಾಟಕದಲ್ಲಿ ಅವಕಾಶ ಜಾಸ್ತಿನೇ. ಬಯೋಕಾನ್ 1978ರಲ್ಲಿ ಬೆಂಗಳೂರಲ್ಲಿ ಶುರುವಾಯ್ತು, ಅದ್ರ ಜೊತೆಗೆ ಬೆಳೆದ ಸಿಂಜಿನ್ ಥರದ ಕಾಂಟ್ರ್ಯಾಕ್ಟ್ ರಿಸರ್ಚ್ (ಬೇರೆ ಕಂಪನಿಗಳಿಗೆ ಸಂಶೋಧನೆ ಮಾಡ್ಕೊಡೋ) ಕಂಪನಿಗಳು ಬೊಮ್ಮಸಂದ್ರ, ಜಿಗಣಿ ಕಡೆ ಇವೆ, ಹೈದರಾಬಾದ್ ಒಂದು ರಾತ್ರಿ ಪ್ರಯಾಣ. ಬೆಂಚ್ ಮೇಲೇ ಕೆಲ್ಸ ಮಾಡ್ಬೇಕು ಅಂತೇನಿಲ್ಲ. ಔಷಧಿಗೆ ಅನುಮತಿ ಪಡೆಯೋ ಕಡತ ತಯಾರಿಸೋದು ರೆಗ್ಯುಲೇಟರಿ, ಕ್ಲಿನಿಕಲ್ ಟ್ರಯಲ್ ವರದಿ ಬರೆಯೋದು ಮೆಡಿಕಲ್ ರೈಟಿಂಗ್, ಮಾರ್ಕೆಟ್‌ಗೆ ಬಂದ ಔಷಧಿಯ ಅಡ್ಡ ಪರಿಣಾಮ ಗಮನಿಸೋದು ಫಾರ್ಮಕೋವಿಜಿಲೆನ್ಸ್, ಇನ್‌ಸ್ಟ್ರುಮೆಂಟ್ ಕಂಪನಿಗಳಲ್ಲಿ ಗ್ರಾಹಕರ ಲ್ಯಾಬಿಗೆ ಹೋಗಿ ಮೆಷಿನ್ ಹೇಳ್ಕೊಡೋದು ಅಪ್ಲಿಕೇಶನ್ ಸೈಂಟಿಸ್ಟ್ ಕೆಲ್ಸ. ಕಡೇದಕ್ಕೆ ಜನರ ಜೊತೆ ಮಾತಾಡೋ ಖುಷಿ ಇರೋವ್ರು ಬೇಕು, ನಮ್ಮ ಕಡೆಯ ಹುಡುಗ ಹುಡುಗೀರು ಇದ್ರಲ್ಲಿ ಚೆನ್ನಾಗಿ ಮಾಡ್ತಾರೆ ಅನ್ನೋದು ನನ್ನ ಅನುಭವ.

ಪೇಟೆಂಟ್ ದಾರಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಲಾ ಓದಿರ್ಬೇಕು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. ಪೇಟೆಂಟ್ ಏಜೆಂಟ್ ಆಗೋಕೆ ಕಾನೂನು ಪದವಿ ಬೇಡ. 21 ವರ್ಷ ಆದ ಭಾರತದ ಪ್ರಜೆಯಾಗಿದ್ದು ಸೈನ್ಸ್, ಎಂಜಿನಿಯರಿಂಗ್ ಅಥವಾ ಟೆಕ್ನಾಲಜೀಲಿ ಡಿಗ್ರಿ ಇದ್ರೆ ಪೇಟೆಂಟ್ ಕಚೇರಿ ನಡೆಸೋ ಪರೀಕ್ಷೆ ಬರೀಬಹುದು. ಮೊದಲ ಪೇಪರ್ 1970ರ ಪೇಟೆಂಟ್ ಕಾಯ್ದೆ ಮತ್ತು ನಿಯಮಗಳ ಬಗ್ಗೆ, ಎರಡನೇದು ಡ್ರಾಫ್ಟಿಂಗ್, ಅಂದ್ರೆ ಒಂದು ಆವಿಷ್ಕಾರ ಕೊಟ್ಟು ಅದ್ರ ಕ್ಲೇಮ್ (ಯಾವುದ್ರ ಮೇಲೆ ಹಕ್ಕು ಕೇಳ್ತೀರಿ ಅನ್ನೋದು) ಬರೀರಿ ಅಂತಾರೆ, ಆಮೇಲೆ ವೈವಾ. ಪರೀಕ್ಷೆ ಪ್ರತಿ ವರ್ಷ ತಪ್ಪದೆ ನಡೆಯತ್ತೆ ಅನ್ನೋ ಭರವಸೆ ಇಟ್ಕೋಬೇಡಿ, ನೋಟಿಫಿಕೇಶನ್ ಮೇಲೆ ಕಣ್ಣಿಡಿ. ಪರೀಕ್ಷೆ ಪಾಸಾಗದೇನೂ ಪ್ರಯರ್ ಆರ್ಟ್ ಸರ್ಚ್ (ಆವಿಷ್ಕಾರಕ್ಕೆ ಮುಂಚೆ ಏನೇನು ಪ್ರಕಟ ಆಗಿತ್ತು ಅನ್ನೋ ಹುಡುಕಾಟ) ಮಾಡೋ ಕೆಲ್ಸಕ್ಕೆ ಸೇರ್ಬಹುದು, ಹೆಚ್ಚಿನವ್ರು ಶುರು ಮಾಡೋದು ಅಲ್ಲಿಂದಾನೇ.

ಕೃಷಿಯವ್ರಿಗೆ ಬೀಜದ ಕಂಪನಿಗಳು, ಕೀಟನಾಶಕ ಕಂಪನಿಗಳ ಫೀಲ್ಡ್ ಟ್ರಯಲ್, ನಬಾರ್ಡ್ ಪರೀಕ್ಷೆ, ರೈತ ಉತ್ಪಾದಕ ಸಂಸ್ಥೆಗಳಿಗೆ ತಾಂತ್ರಿಕ ಸಲಹೆ. ಫಿಸಿಕ್ಸ್, ಮ್ಯಾಥ್ಸ್, ಸ್ಟಾಟಿಸ್ಟಿಕ್ಸ್‌ನವ್ರಿಗೆ ಬೆಂಗಳೂರಿನ ಸೆಮಿಕಂಡಕ್ಟರ್ ಮತ್ತು ಡೇಟಾ ಕೆಲ್ಸ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ, ಜಿಇ 2000ದಲ್ಲಿ ಇಲ್ಲಿ ಕೇಂದ್ರ ತೆರೆದ ಮೇಲೆ ಅಂಥ ಆರ್ ಅಂಡ್ ಡಿ ಕೇಂದ್ರಗಳು ತುಂಬಾ ಬಂದಿವೆ. ಪ್ರೋಗ್ರಾಮಿಂಗ್ ಒಂದು ಕಲೀಲೇಬೇಕು, ಪೈಥಾನ್ ಆದ್ರೂ ಸರಿ ಆರ್ ಆದ್ರೂ ಸರಿ.

ಸಮಾಜ ವಿಜ್ಞಾನದವ್ರಿಗೆ ಏನೂ ಇಲ್ಲ ಅಂತ ಹೇಳೋವ್ರನ್ನ ನಂಬ್ಬೇಡಿ. ಬೆಂಗಳೂರಿನ ಐಐಎಚ್‌ಎಸ್ ನಗರಗಳ ಬಗ್ಗೆ, ಏಟ್ರೀ ಪರಿಸರದ ಬಗ್ಗೆ ಕೆಲ್ಸ ಮಾಡತ್ತೆ, ಅಜೀಂ ಪ್ರೇಮ್‌ಜಿ ಫೌಂಡೇಶನ್ ಯಾದಗಿರಿಯಂಥ ಜಿಲ್ಲೆಗಳಲ್ಲಿ ಸರ್ಕಾರಿ ಶಾಲೆ ಶಿಕ್ಷಕರ ಜೊತೆ ಕೆಲ್ಸ ಮಾಡತ್ತೆ, ಯೋಜನೆಗಳ ಮೌಲ್ಯಮಾಪನ ಮಾಡೋ ಸಂಸ್ಥೆಗಳಿಗೆ ಹಳ್ಳೀಲಿ ಕೂತು ಕನ್ನಡದಲ್ಲಿ ಮಾತಾಡ್ಸಿ ಇಂಗ್ಲಿಷಲ್ಲಿ ವರದಿ ಬರೆಯೋವ್ರು ಯಾವಾಗ್ಲೂ ಕಮ್ಮಿನೇ. ಆಪ್ ಮಾಡೋ ಕಂಪನಿಗಳಲ್ಲಿ ಬಳಕೆದಾರರ ಅಧ್ಯಯನ ಅಂತ ಒಂದು ಕೆಲ್ಸ ಇದೆ, ಮಾನವಶಾಸ್ತ್ರದವ್ರು ಥೀಸಿಸ್‌ಗೆ ಮಾಡೋ ಸಂದರ್ಶನಕ್ಕೂ ಅದಕ್ಕೂ ವಿಧಾನದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಕನ್ನಡ, ಭಾಷಾಶಾಸ್ತ್ರ, ಇತಿಹಾಸದವ್ರಿಗೆ ಅನುವಾದ, ಲೋಕಲೈಸೇಶನ್, ಪ್ರಕಾಶನದಲ್ಲಿ ಸಂಪಾದನೆ, ಹಳೇ ದಾಖಲೆಗಳ ಡಿಜಿಟಲೀಕರಣ, ಈಗ ಧ್ವನಿ ಮತ್ತು ಪಠ್ಯದ ಭಾಷಾ ತಂತ್ರಜ್ಞಾನ. ಇಲ್ಲಿ ಸಂಬಳ ಶುರುವಲ್ಲಿ ಕಮ್ಮಿ, ಎಷ್ಟೋ ಕೆಲ್ಸ ಕಾಂಟ್ರ್ಯಾಕ್ಟ್ ಮೇಲೆ, ಇದನ್ನ ಮುಚ್ಚಿಡೋದು ಸರಿಯಲ್ಲ.

ನಿಮ್ಮದೇ ಕಂಪನಿ ಮಾಡೋ ಐಡಿಯಾ ಇದ್ರೆ ಬಯೋಟೆಕ್ ಕ್ಷೇತ್ರದಲ್ಲಿ ಕೇಂದ್ರ ಸರ್ಕಾರದ ಬೈರಾಕ್ ಸಂಸ್ಥೆಯ ಬಿಗ್ ಅನುದಾನ 50 ಲಕ್ಷದ ತನಕ ಸಿಗತ್ತೆ, ಬೆಂಗಳೂರಿನ ಸಿ-ಕ್ಯಾಂಪ್ ಅದ್ರ ಪಾಲುದಾರ ಸಂಸ್ಥೆಗಳಲ್ಲಿ ಒಂದು. ಇದು ಬೇರೆಯೇ ದೊಡ್ಡ ವಿಷ್ಯ, ಇಲ್ಲಿಗೆ ಬಿಡ್ತೀನಿ.

ಎಲ್ಲಾ ದಾರಿಗೂ ಒಟ್ಟಿಗೆ ತಯಾರಾಗಕ್ಕಾಗಲ್ಲ. ಎರಡು ಆರಿಸ್ಕೊಳಿ, ಒಂದು ನಿಮ್ಮ ಥೀಸಿಸ್‌ಗೆ ಹತ್ರದ್ದು, ಇನ್ನೊಂದು ಸ್ವಲ್ಪ ದೂರದ್ದು.

ಹೆಜ್ಜೆ 5: ಆ ಕೆಲ್ಸ ಮಾಡ್ತಿರೋವ್ರ ಜೊತೆ ಮಾತಾಡಿ

ಹೆಜ್ಜೆ 2ರ ಪಟ್ಟಿ ಈಗ ಕೆಲ್ಸಕ್ಕೆ ಬರತ್ತೆ. ನಮ್ಮಲ್ಲಿ ಬಹಳಷ್ಟು ಜನ ಇಲ್ಲೇ ನಿಂತ್ಬಿಡ್ತಾರೆ, ಪರಿಚಯ ಇಲ್ದೋರಿಗೆ ಹೇಗೆ ಮೆಸೇಜ್ ಮಾಡೋದು, ಏನ್ ಅಂದ್ಕೋತಾರೋ ಅನ್ನೋ ಸಂಕೋಚ. ಅದೇ ಡಿಪಾರ್ಟ್‌ಮೆಂಟ್ ಅಂತ ಗೊತ್ತಾದ್ರೆ ಹೆಚ್ಚಿನವ್ರು ಖುಷಿಯಿಂದಾನೇ ಮಾತಾಡ್ತಾರೆ. ಮೆಸೇಜ್ ಚಿಕ್ಕದಾಗಿರ್ಲಿ, ಹೀಗೆ:

"ನಮಸ್ಕಾರ ಮೇಡಂ. ನಾನು ನೀವು ಪಿಎಚ್‌ಡಿ ಮಾಡಿದ ಡಿಪಾರ್ಟ್‌ಮೆಂಟಲ್ಲೇ ಮೂರನೇ ವರ್ಷದ ಸ್ಕಾಲರ್. ನಿಮ್ಮ ಥೀಸಿಸ್ ಶೋಧಗಂಗಾದಲ್ಲಿ ನೋಡಿದೆ. ಈಗ ನೀವು ರೆಗ್ಯುಲೇಟರಿ ಅಫೇರ್ಸ್‌ನಲ್ಲಿದ್ದೀರಿ ಅಂತ ತಿಳೀತು, ಆ ಕೆಲ್ಸ ದಿನನಿತ್ಯ ಹೇಗಿರತ್ತೆ ಅಂತ ತಿಳ್ಕೊಳೋ ಆಸೆ. ಈ ವಾರ ಅಥವಾ ಮುಂದಿನ ವಾರ ನಿಮಗೆ ಅನುಕೂಲ ಆದಾಗ ಹದಿನೈದು ನಿಮಿಷ ಫೋನಲ್ಲಿ ಮಾತಾಡ್ಬಹುದಾ? ಬಿಡುವಿಲ್ಲ ಅಂದ್ರೂ ಪರವಾಗಿಲ್ಲ ಮೇಡಂ."

ಉತ್ತರ ಬರದಿದ್ರೆ ಹತ್ತು ದಿನ ಬಿಟ್ಟು ಒಂದ್ಸಲ ನೆನಪಿಸಿ, ಅಷ್ಟೆ. ಫೋನಲ್ಲಿ ಕೆಲ್ಸ ಕೊಡ್ಸಿ ಅಂತ ಕೇಳ್ಬೇಡಿ, ಅದ್ರಿಂದ ಮಾತು ಅಲ್ಲೇ ಮುಗಿದುಹೋಗತ್ತೆ. ಕೇಳ್ಬೇಕಾಗಿದ್ದು: ನಿನ್ನೆ ಆಫೀಸಲ್ಲಿ ಏನೇನು ಮಾಡಿದ್ರಿ, ಪಿಎಚ್‌ಡೀಲಿ ಕಲಿತಿದ್ರಲ್ಲಿ ಯಾವ್ದು ಉಪಯೋಗಕ್ಕೆ ಬಂತು, ಸೇರಿದ ಮೇಲೆ ಯಾವ್ದು ಹೊಸದಾಗಿ ಕಲೀಬೇಕಾಯ್ತು, ಹೊಸಬ್ರನ್ನ ತಗೊಳೋವಾಗ ಸಿವೀಲಿ ಮೊದಲು ಏನು ನೋಡ್ತೀರಿ, ಈ ಕೆಲ್ಸದಲ್ಲಿ ಬೇಜಾರಾಗೋದು ಯಾವ್ದು. ಈ ಕಡೇ ಪ್ರಶ್ನೆಗೆ ಸಿಗೋ ಉತ್ತರನೇ ಬಹಳ ಬೆಲೆಬಾಳೋದು. ಮಾತು ಮುಗಿಸೋವಾಗ ಇನ್ಯಾರ ಹತ್ರ ಮಾತಾಡಿದ್ರೆ ಒಳ್ಳೇದು ಅಂತ ಕೇಳಿ, ಆಮೇಲೆ ಥ್ಯಾಂಕ್ಸ್ ಮೆಸೇಜ್ ಹಾಕಿ, ಪೇಪರ್ ಬಂದಾಗ, ಸಿನಾಪ್ಸಿಸ್ ಕೊಟ್ಟಾಗ ಒಂದು ಸಾಲು ತಿಳಿಸ್ತಾ ಇರಿ. ಎರಡು ವರ್ಷ ಆದ್ಮೇಲೆ ಅವ್ರ ಟೀಮಲ್ಲಿ ಜಾಗ ಖಾಲಿ ಆದಾಗ ನೀವು ನೆನಪಾಗೋದು ಹೀಗೇನೇ.

ಹೆಜ್ಜೆ 6: ಒಂದು ಸಣ್ಣ ಕೆಲ್ಸ ಪೂರ್ತಿ ಮಾಡಿ ಇಟ್ಕೊಳಿ

ಸರ್ಟಿಫಿಕೇಟ್ ಕೂಡಿಹಾಕೋ ಚಟ ಬೇಡ. ಐಐಟಿಗಳು, ಐಐಎಸ್‌ಸಿ ನಡೆಸೋ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸ್‌ಗಳು ಚೆನ್ನಾಗಿವೆ, ಫ್ರೀಯಾಗಿ ನೋಡ್ಬಹುದು, ಪರೀಕ್ಷೆ ಬರೆಯೋದಾದ್ರೆ ಮಾತ್ರ ಫೀಸ್, ಒಂದೆರಡು ಮಾಡಿ ಸಾಕು. ಹತ್ತು ಸರ್ಟಿಫಿಕೇಟ್‌ಗಿಂತ ನೀವೇ ಮಾಡಿದ ಎರಡು ಪುಟದ ಒಂದು ಕೆಲ್ಸ ಇಂಟರ್‌ವ್ಯೂ ಮಾಡೋವ್ರಿಗೆ ಜಾಸ್ತಿ ಹೇಳತ್ತೆ.

ಪೇಟೆಂಟ್ ದಾರಿ ಆದ್ರೆ ಭಾರತೀಯ ಪೇಟೆಂಟ್ ಕಚೇರಿಯ ಇನ್‌ಪಾಸ್ ಸರ್ಚಲ್ಲಿ ನಿಮ್ಮ ವಿಷಯದ ಒಂದು ಪೇಟೆಂಟ್ ತೆಗೆದು, ಅದಕ್ಕೂ ಮುಂಚೆ ಏನೇನು ಪ್ರಕಟ ಆಗಿತ್ತು ಅಂತ ಹುಡುಕಿ ಎರಡು ಪುಟದ ವರದಿ ಬರೀರಿ. ಮೆಡಿಕಲ್ ರೈಟಿಂಗ್ ಆದ್ರೆ ಒಂದು ಕ್ಲಿನಿಕಲ್ ಟ್ರಯಲ್ ಪೇಪರ್ ತಗೊಂಡು ರೋಗಿಗೆ ಅರ್ಥ ಆಗೋ ಹಾಗೆ ಒಂದು ಪುಟ, ಡಾಕ್ಟರ್‌ಗೆ ಬೇಕಾದ ಹಾಗೆ ಒಂದು ಪುಟ. ಡೇಟಾ ಕೆಲ್ಸ ಆದ್ರೆ ಸರ್ಕಾರದ ಓಪನ್ ಡೇಟಾ ಪೋರ್ಟಲಿಂದ ನಿಮ್ಮ ಜಿಲ್ಲೆಯ ಮಳೆ ಅಥವಾ ಅಂತರ್ಜಲದ ಅಂಕಿ ತಗೊಂಡು, ಸ್ವಚ್ಛ ಮಾಡಿ, ಮೂರು ಗ್ರಾಫ್ ಹಾಕಿ, ಕೋಡ್ ಸಮೇತ ಗಿಟ್‌ಹಬ್‌ನಲ್ಲಿ ಹಾಕಿ. ಪಾಲಿಸಿ ಆದ್ರೆ ಅದೇ ಅಂಕಿ ಇಟ್ಕೊಂಡು ಜಿಲ್ಲಾ ಪಂಚಾಯ್ತಿ ಸಿಇಒ ಐದು ನಿಮಿಷದಲ್ಲಿ ಓದಿ ಮುಗಿಸೋ ಹಾಗೆ ಒಂದು ಟಿಪ್ಪಣಿ. ಪತ್ರಿಕೆಗೆ ಕನ್ನಡದಲ್ಲಿ ವಿಜ್ಞಾನ ಲೇಖನ ಬರೆದ್ರೂ ಆಗತ್ತೆ, ಕಷ್ಟದ್ದನ್ನ ಸುಲಭವಾಗಿ ಹೇಳೋ ಶಕ್ತಿ ಇದೆ ಅಂತ ಅದ್ರಲ್ಲೇ ಕಾಣತ್ತೆ.

ಒಂದು ಎಚ್ಚರಿಕೆ. ನಿಮ್ಮ ಥೀಸಿಸ್ಸಿನ ಪ್ರಕಟ ಆಗದ ಡೇಟಾವನ್ನ ಇದಕ್ಕೆಲ್ಲಾ ಬಳಸ್ಬೇಡಿ, ಅದ್ರ ಹಕ್ಕು ಯೂನಿವರ್ಸಿಟೀದೋ ಫಂಡಿಂಗ್ ಕೊಟ್ಟವ್ರದ್ದೋ ಆಗಿರಬಹುದು. ಪೇಟೆಂಟ್ ಆಗೋವಂಥದ್ದು ಸಿಕ್ಕಿದ್ರೆ ಪೇಪರ್ ಕಳ್ಸೋಕೆ, ಪೋಸ್ಟರ್ ಹಾಕೋಕೆ ಮುಂಚೆನೇ ಅರ್ಜಿ ಹಾಕ್ಬೇಕು, ಮೊದಲೇ ಪ್ರಕಟ ಆದ್ರೆ ಹೊಸತನ ಹೋಯ್ತು ಅಂತ ಪೇಟೆಂಟ್ ಕೈತಪ್ಪೋ ಸಾಧ್ಯತೆ ಜಾಸ್ತಿ, ಕಾಯ್ದೆಯ ವಿನಾಯ್ತಿಗಳು ತುಂಬಾ ಸೀಮಿತ.

ಹೆಜ್ಜೆ 7: ಗೈಡ್‌ಗೆ ಹೇಳೋದು

ಇದು ಎಲ್ರಿಗೂ ಹೆದ್ರಿಕೆಯ ಹೆಜ್ಜೆ. ಮುಚ್ಚಿಟ್ಟು ಕಡೇಗೆ ಆಫರ್ ಲೆಟರ್ ತೋರಿಸಿದ್ರೆ ಅವ್ರಿಗೆ ಬೇಜಾರಾಗೋದು ಸಹಜ, ಎರಡನೇ ವರ್ಷದಲ್ಲೇ ನಾನು ಅಕಾಡೆಮಿಯಾ ಬಿಡ್ತೀನಿ ಅಂತ ಘೋಷಿಸೋದೂ ಬೇಡ. ಮೂರನೇ ವರ್ಷದ ಹೊತ್ತಿಗೆ, ಒಂದು ಪೇಪರ್ ಹೋದ ಮೇಲೋ ಡಾಕ್ಟೊರಲ್ ಕಮಿಟಿ ಮೀಟಿಂಗ್ ಚೆನ್ನಾಗಿ ಆದ ಮೇಲೋ, ಒಬ್ರೇ ಇದ್ದಾಗ ಹೇಳಿ. "ಸರ್, ಥೀಸಿಸ್ ಈ ತಿಂಗಳ ಹೊತ್ತಿಗೆ ಮುಗಿಸೋ ಪ್ಲಾನ್ ಇದು, ಇಲ್ಲಿ ಬರೆದು ತಂದಿದೀನಿ. ಜೊತೆಗೆ ಇಂಡಸ್ಟ್ರಿ ಕಡೆನೂ ನೋಡ್ತಿದೀನಿ, ಮನೆ ಪರಿಸ್ಥಿತಿ ನಿಮಗೆ ಗೊತ್ತಲ್ಲ ಸರ್, ಫೆಲೋಶಿಪ್ ನಿಂತ ಮೇಲೆ ಕಾಯೋದು ಕಷ್ಟ. ನಿಮಗೆ ಆ ಕಡೆ ಯಾರಾದ್ರೂ ಪರಿಚಯ ಇದ್ರೆ ಹೇಳಿ ಸರ್." ಕೈಯಲ್ಲಿ ಥೀಸಿಸ್ ಪ್ಲಾನ್ ಹಿಡ್ಕೊಂಡು ಹೋದ್ರೆ ಅರ್ಧ ಆತಂಕ ಅಲ್ಲೇ ಇಳಿಯತ್ತೆ, ಯಾಕಂದ್ರೆ ಗೈಡ್‌ಗಳ ನಿಜವಾದ ಭಯ ಇವ್ನು ಥೀಸಿಸ್ ಅರ್ಧಕ್ಕೆ ಬಿಟ್ಟು ಹೋಗ್ತಾನೆ ಅನ್ನೋದು.

ಫುಲ್‌ಟೈಂ ಫೆಲೋಶಿಪ್ ತಗೋತಾ ಗುಟ್ಟಾಗಿ ಸಂಬಳದ ಕೆಲ್ಸ ಮಾಡ್ಬೇಡಿ, ಹಣ ವಾಪಸ್ ಕಟ್ಟೋ ಪರಿಸ್ಥಿತಿ ಬರಬಹುದು. ಇಂಟರ್ನ್‌ಶಿಪ್ ಆದ್ರೆ ಗೈಡ್ ಮತ್ತು ಡಿಪಾರ್ಟ್‌ಮೆಂಟಿಂದ ಬರವಣಿಗೆಯಲ್ಲಿ ಅನುಮತಿ ತಗೊಂಡೇ ಹೋಗಿ.

ಹೆಜ್ಜೆ 8: ಸಿವಿ, ಮಾತು, ಇಂಗ್ಲಿಷ್

ಯೂನಿವರ್ಸಿಟಿಗೆ ಕೊಡೋ ಎಂಟು ಪುಟದ ಬಯೋಡೇಟಾ ಬೇರೆ ಇರ್ಲಿ, ಆಚೆಗೆ ಎರಡು ಪುಟ ಸಾಕು. ಮೇಲ್ಗಡೆ ನಿಮಗೆ ಏನು ಬರತ್ತೆ ಅಂತ ನಾಲ್ಕು ಸಾಲು, ಆಮೇಲೆ ಡೈರಿಯಿಂದ ಆರಿಸಿದ ಆರೇಳು ಕೆಲ್ಸ, ಆಮೇಲೆ ಓದು, ಪೇಪರ್ ಎಷ್ಟು ಅಂತ ಒಂದು ಸಾಲು ಮತ್ತು ಮುಖ್ಯವಾದ ಎರಡ್ಮೂರು. ಹಾಜರಾದ ಸೆಮಿನಾರುಗಳ ಪಟ್ಟಿ, ಅಪ್ಪನ ಹೆಸರು, ಜಾತಿ, ಮದುವೆ ಆಗಿದೆಯಾ ಇಲ್ವಾ, ಇವ್ಯಾವೂ ಬೇಡ. ಪ್ರತಿ ಕೆಲ್ಸದ ಜಾಹೀರಾತಿಗೂ ಆ ಆರೇಳು ಸಾಲನ್ನ ಬದ್ಲಾಯಿಸಿ.

ಇಂಗ್ಲಿಷ್ ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಕನ್ನಡ ಮೀಡಿಯಂನಿಂದ ಬಂದ ಸ್ಕಾಲರ್‌ಗಳು ಒಳ್ಳೊಳ್ಳೆ ಅವಕಾಶಕ್ಕೆ ಅರ್ಜಿನೇ ಹಾಕದೆ ಇರೋದು ಇದಕ್ಕೇ, ಅದು ನನಗೆ ತುಂಬಾ ಸಂಕಟ ಕೊಡೋ ವಿಷ್ಯ. ಪ್ಯಾನೆಲಲ್ಲಿ ಕೂತವ್ರಿಗೆ ಬೇಕಾಗಿರೋದು ಸ್ಟೈಲಿನ ಉಚ್ಚಾರಣೆ ಅಲ್ಲ, ಏನು ಮಾಡಿದ್ರಿ ಅನ್ನೋದ್ರ ಸ್ಪಷ್ಟತೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಯೂನಿವರ್ಸಿಟೀಲಿ 2008ರಲ್ಲಿ ಮೂರು ನಿಮಿಷದ ಥೀಸಿಸ್ ಅಂತ ಒಂದು ಸ್ಪರ್ಧೆ ಶುರುವಾಯ್ತು, ಒಂದೇ ಸ್ಲೈಡ್, ಮೂರೇ ನಿಮಿಷ, ವಿಷ್ಯ ಗೊತ್ತಿಲ್ದೋರಿಗೂ ಅರ್ಥ ಆಗ್ಬೇಕು. ಇದನ್ನ ಹಾಸ್ಟೆಲ್ ರೂಮಲ್ಲೇ ಮಾಡಿ. ಮೊದಲು ಕನ್ನಡದಲ್ಲಿ, ಬೇರೆ ಡಿಪಾರ್ಟ್‌ಮೆಂಟಿನ ಫ್ರೆಂಡ್‌ಗೆ, ಅವ್ರಿಗೆ ಎಲ್ಲಿ ಅರ್ಥ ಆಗ್ಲಿಲ್ಲ ಅಂತ ಕೇಳಿ ಸರಿ ಮಾಡ್ಕೊಳಿ. ಯೋಚನೆ ಕನ್ನಡದಲ್ಲಿ ಸ್ಪಷ್ಟ ಆದ್ಮೇಲೆ ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ, ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ, ವಾರಕ್ಕೊಂದ್ಸಲ. ಇಬ್ರು ಮೂವರು ಸೇರಿ ಮಾಡಿದ್ರೆ ಬಿಡದೆ ನಡೆಯತ್ತೆ. ಆರು ತಿಂಗಳು ಹೀಗೆ ಮಾಡಿದವ್ರ ಮಾತು ಬದಲಾಗಿದ್ದನ್ನ ನಾನೇ ನೋಡಿದೀನಿ.

ಇಂಟರ್‌ವ್ಯೂಲಿ ಅಕಾಡೆಮಿಯಾ ಯಾಕೆ ಬಿಡ್ತಿದೀರಿ ಅಂತ ಕೇಳೇ ಕೇಳ್ತಾರೆ. ಅಲ್ಲಿ ಕೆಲ್ಸ ಸಿಗ್ಲಿಲ್ಲ ಅಂತ ಹೇಳೋದಕ್ಕಿಂತ ಈ ಕೆಲ್ಸದಲ್ಲಿ ನಿಮಗೆ ಏನು ಇಷ್ಟ ಅಂತ ಹೇಳಿ, ಹೆಜ್ಜೆ 5 ಮತ್ತು 6 ಮಾಡಿದ್ರೆ ಅದಕ್ಕೆ ನಿಜವಾದ ಉತ್ತರ ನಿಮ್ಮ ಹತ್ರ ಇರತ್ತೆ.

ಹೆಜ್ಜೆ 9: ಆಫರ್ ಬಂದಾಗ

ಫೆಲೋಶಿಪ್ ಪೂರ್ತಿ ಕೈಗೆ ಬರತ್ತೆ, ಕಂಪನಿಯ ಸಿಟಿಸಿ (ನಿಮಗಾಗಿ ಕಂಪನಿ ಮಾಡೋ ಒಟ್ಟು ಖರ್ಚು) ಹಾಗಲ್ಲ. ವರ್ಷಕ್ಕೆ 12 ಲಕ್ಷ ಅಂದ್ರೆ ತಿಂಗಳಿಗೆ ಒಂದು ಲಕ್ಷ ಅಂದ್ಕೋಬೇಡಿ. ಉದಾಹರಣೆಗೆ ಬೇಸಿಕ್ ಅರ್ಧ ಅಂತ ಇಟ್ಕೊಳಿ, ತಿಂಗಳಿಗೆ 50,000. ಅದ್ರ 12 ಪರ್ಸೆಂಟ್, ಅಂದ್ರೆ 6,000 ಕಂಪನಿಯ ಪಿಎಫ್ ಪಾಲು ಸಿಟಿಸಿ ಒಳಗೇ ಸೇರಿರತ್ತೆ, ಇನ್ನೊಂದು 6,000 ನಿಮ್ಮ ಪಾಲು ಕಟ್ ಆಗತ್ತೆ. ಗ್ರ್ಯಾಚುಟಿ ಸೇರಿಸಿರ್ತಾರೆ. ವೇರಿಯಬಲ್ ಪೇ ಹತ್ತು ಪರ್ಸೆಂಟ್ ಅಂತಿದ್ರೆ 1,20,000 ವರ್ಷದ ಕೊನೇಲಿ, ಅದೂ ಪೂರ್ತಿ ಬಂದ್ರೆ. ಪ್ರೊಫೆಷನಲ್ ಟ್ಯಾಕ್ಸ್ ತಿಂಗಳಿಗೆ 200. ಇಷ್ಟೆಲ್ಲಾ ಕಳೆದ್ರೆ ಕೈಗೆ ಬರೋದು ಸುಮಾರು 75,000, ಇನ್‌ಕಂ ಟ್ಯಾಕ್ಸ್ ಬಿದ್ರೆ ಅದು ಬೇರೆ. ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು, ಪ್ರೊಬೇಶನ್ ಎಷ್ಟು ತಿಂಗಳು, ನೋಟಿಸ್ ಪೀರಿಯಡ್ ಎಷ್ಟು, ಬಾಂಡ್ ಇದೆಯಾ ಅಂತ ಕೇಳೋದ್ರಲ್ಲಿ ನಾಚಿಕೆ ಏನಿಲ್ಲ.

ಗೈಡ್‌ಗಳು, ಡಿಪಾರ್ಟ್‌ಮೆಂಟಿನವ್ರು ಮಾಡಬಹುದಾಗಿದ್ದು

ಇದಕ್ಕೆ ಬಜೆಟ್ ಬೇಡ. ಹೆಜ್ಜೆ 2ರ ಪಟ್ಟಿಯನ್ನ ಡಿಪಾರ್ಟ್‌ಮೆಂಟೇ ಮಾಡಿ ಪ್ರತಿ ವರ್ಷ ಅಪ್‌ಡೇಟ್ ಮಾಡ್ಲಿ. ತಿಂಗಳಿಗೊಬ್ರು ಹಳೇ ವಿದ್ಯಾರ್ಥಿ ಆನ್‌ಲೈನಲ್ಲಿ ಒಂದು ಗಂಟೆ ಮಾತಾಡ್ಲಿ, ಅದೂ ಕನ್ನಡದಲ್ಲಿ, ಹುಡುಗರು ಆಗ ಮಾತ್ರ ಬಾಯಿಬಿಟ್ಟು ಪ್ರಶ್ನೆ ಕೇಳ್ತಾರೆ. ಪ್ರಗತಿ ಪರಿಶೀಲನೆಯಲ್ಲಿ ಪೇಪರ್ ಎಷ್ಟಾಯ್ತು ಅಂತ ಕೇಳೋ ಜೊತೆಗೆ ಮುಂದೇನು ಯೋಚ್ನೆ ಮಾಡಿದ್ಯಪ್ಪ, ಮಾಡಿದ್ಯಮ್ಮ ಅಂತ ಒಂದು ಪ್ರಶ್ನೆ ಕೇಳಿ. ಸಿನಾಪ್ಸಿಸ್ ಕರಡನ್ನ ತಿಂಗಳುಗಟ್ಟಲೆ ಟೇಬಲ್ ಮೇಲೆ ಇಟ್ಕೋಬೇಡಿ ದಯವಿಟ್ಟು, ನಿಮ್ಮ ಆ ಎರಡು ತಿಂಗಳು ಫೆಲೋಶಿಪ್ ನಿಂತಿರೋ ಹುಡುಗಿಗೆ ಎರಡು ತಿಂಗಳ ಬಾಡಿಗೆ.

ವೈವಾಗೆ ಮುಂಚೆ ಕೆಲ್ಸಕ್ಕೆ ಸೇರೋದಾದ್ರೆ

ಆದಷ್ಟೂ ಥೀಸಿಸ್ ಕೊಟ್ಟ ಮೇಲೇ ಸೇರಿ, ಕೆಲ್ಸಕ್ಕೆ ಸೇರಿ ಸಂಜೆ ಬರೀತೀನಿ ಅನ್ನೋದು ಮೊದಲ ಆರು ತಿಂಗಳು ಆಗದ ಮಾತು. ಬೇರೆ ದಾರಿನೇ ಇಲ್ಲ ಅಂದ್ರೆ ಪಾರ್ಟ್‌ಟೈಂಗೆ ಬದಲಾಯಿಸೋಕೆ ನಿಮ್ಮ ಯೂನಿವರ್ಸಿಟೀಲಿ ಅವಕಾಶ ಇದೆಯಾ ಅಂತ ಪಿಎಚ್‌ಡಿ ಸೆಕ್ಷನ್ನಲ್ಲಿ ಕೇಳಿ, ಅದಕ್ಕೆ ಕಂಪನಿಯ ಎನ್ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕಾಗತ್ತೆ. ಥೀಸಿಸ್ ಸಲ್ಲಿಸಿದ ದಾಖಲೆ, ಗೈಡ್ ಪತ್ರ, ನೋ ಡ್ಯೂ ಸರ್ಟಿಫಿಕೇಟ್ ಕಾಪಿ ಇಟ್ಕೊಳಿ, ಎಚ್‌ಆರ್ ಕೇಳ್ತಾರೆ. ಬಾಕಿ ಫೆಲೋಶಿಪ್ ಕಂತು ಇದ್ರೆ ಹೊರಡೋಕೆ ಮುಂಚೆ ಅರ್ಜಿ ಕೊಟ್ಟು ರಿಸೀವ್ಡ್ ಸೀಲ್ ಹಾಕಿಸ್ಕೊಳಿ. ವೈವಾ ದಿನಕ್ಕೆ ರಜ ಬೇಕಾಗತ್ತೆ ಅಂತ ಸೇರೋವಾಗ್ಲೇ ಮ್ಯಾನೇಜರ್‌ಗೆ ಹೇಳಿಡಿ. ಡಿಗ್ರಿ ಬಂದ್ಮೇಲೆ ಹುದ್ದೆಯ ಗ್ರೇಡ್ ಬದಲಾಗತ್ತಾ ಅನ್ನೋದನ್ನ ಆಫರ್ ಟೈಮಲ್ಲೇ ಕೇಳಿ, ಹೌದು ಅಂದ್ರೆ ಅದನ್ನ ಈಮೇಲಲ್ಲಿ ತರಿಸ್ಕೊಳಿ, ಪ್ರೊವಿಶನಲ್ ಸರ್ಟಿಫಿಕೇಟ್ ಕೈಗೆ ಬಂದ ವಾರದಲ್ಲೇ ಆ ಈಮೇಲ್ ಜೊತೆ ಎಚ್‌ಆರ್‌ಗೆ ಕಳ್ಸಿ.